62ರ ತೇವದ ಪ್ಯಾಕ್, ಕಂದು ಗಾಜಿನ ಜಾಡಿ: ಗಾಂಜಾ ಕೆಡದಂತೆ ಎಷ್ಟರ ಮಟ್ಟಿಗೆ ಕಾಯುತ್ತವೆ?

ಮೊದಲೇ ಹೇಳಿಬಿಡುತ್ತೇನೆ. ತೇವ ಕಾಯುವ ಈ ಪುಟ್ಟ ಪ್ಯಾಕ್ ಒಳ್ಳೆಯ ಸಾಮಾನು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದು ಕಾಯುವುದು ನೀರನ್ನು ಮಾತ್ರ. ಗಾಂಜಾದ ಕಸುವು ಉಳಿಯಬೇಕೆಂದರೆ ಕತ್ತಲೆ ಬೇಕು, ತಂಪು ಬೇಕು, ಗಾಳಿ ಕಡಿಮೆ ಇರಬೇಕು. ಅದು ಜಾಡಿಯ ಕೆಲಸ, ಜಾಡಿ ಇಡುವ ಜಾಗದ ಕೆಲಸ, ಎಲ್ಲಕ್ಕಿಂತ ಜಾಸ್ತಿ ಕೊಳ್ಳುವಾಗ ಲೇಬಲ್ ಮೇಲಿನ ತಾರೀಖು ಓದುವ ನಮ್ಮ ಕೆಲಸ. ಅಂಗಡಿಯಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಹೇಳಿ ಪ್ಯಾಕ್ ಮಾರುವುದನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆ. 19 ತುಂಬಿದವರು ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಳ್ಳಬಹುದು, ಡಾಕ್ಟರ್ ಬರೆದುಕೊಟ್ಟರೆ ಲೈಸೆನ್ಸ್ ಇರುವ ಮಾರಾಟಗಾರರ ಹತ್ತಿರ ಹೆಸರು ನೋಂದಾಯಿಸಿ ಮನೆಗೇ ತರಿಸಿಕೊಳ್ಳಬಹುದು. ನನಗೆ ನರದ ನೋವು, ಡಾಕ್ಟರ್ ಬರೆದುಕೊಟ್ಟಿದ್ದಾರೆ. ರಾತ್ರಿ ಊಟವಾದ ಮೇಲೆ ವೇಪೊರೈಸರ್‌ನಲ್ಲಿ, ಅಂದರೆ ಸುಡದೆ ಬಿಸಿ ಮಾಡಿ ಆವಿ ಎಳೆದುಕೊಳ್ಳುವ ಉಪಕರಣದಲ್ಲಿ, ಒಂದು ಚಿಟಿಕೆ, ಅಷ್ಟೇ. ಹಾಗಾಗಿ ಏಳು ಗ್ರಾಂ ಪೊಟ್ಟಣ ತಿಂಗಳುಗಟ್ಟಲೆ ಬರುತ್ತದೆ. ನನ್ನ ಹಾಗೆ ಸ್ವಲ್ಪ ಸ್ವಲ್ಪವೇ ಬಳಸುವವರಿಗೆ ಇದು ದೊಡ್ಡ ವಿಷಯ. ಮೊದಲ ವಾರದ ಚಿಟಿಕೆಗೂ ಕೊನೆಯ ವಾರದ ಚಿಟಿಕೆಗೂ ವ್ಯತ್ಯಾಸ ಬಂದರೆ ಅದು ಔಷಧಿಯ ಅಳತೆಯೇ ತಪ್ಪಿದ ಹಾಗೆ, ಅಲ್ವಾ?

ಸರಿ, ಸಾಮಾನಿನ ವಿಷಯಕ್ಕೆ ಬರೋಣ. ಈ ಪ್ಯಾಕ್‌ಗಳನ್ನು ಬೋವೆಡಾ, ಇಂಟೆಗ್ರಾ ಮುಂತಾದ ಕಂಪನಿಗಳು ಮಾಡುತ್ತವೆ. ನಾನು ಬಳಸುವುದು ಬೋವೆಡಾದ 62 ನಂಬರಿನದು, ಎಂಟು ಗ್ರಾಂ ತೂಕದ್ದು. 58ರದ್ದೂ ಸಿಗುತ್ತದೆ. ನೋಡಲು ಕಾಗದದ ಪುಟ್ಟ ಪಾಕೀಟು, ಒತ್ತಿದರೆ ಒಳಗೆ ಗಂಜಿಯಂಥದ್ದು ಅತ್ತಿತ್ತ ಸರಿಯುತ್ತದೆ. ಬೆಲೆ ಎರಡು ಮೂರು ಡಾಲರ್. ಜಾಡಿಯೊಳಗೆ ಒಣಗಿಸಿದ ಗಾಂಜಾ ಹೂವಿನ ಜೊತೆ ಹಾಕಿ ಮುಚ್ಚಿದರೆ ಆಯಿತು. ಒಳಗಿನ ಗಾಳಿ ಒಣಗಿದರೆ ತೇವ ಬಿಡುತ್ತದೆ, ತೇವ ಜಾಸ್ತಿಯಾದರೆ ಹೀರಿಕೊಳ್ಳುತ್ತದೆ, ಗಾಳಿಯ ಆರ್ದ್ರತೆಯನ್ನು ಶೇ. 62ರ ಆಸುಪಾಸಿನಲ್ಲೇ ನಿಲ್ಲಿಸುತ್ತದೆ.

ಒಳಗಿರುವುದು ಉಪ್ಪು ಮತ್ತು ನೀರು. ಮಲೆನಾಡಿನ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಅದೇ ಗುಣ ಇಲ್ಲಿ ಕೆಲಸ ಮಾಡುವುದು. ಅಡುಗೆ ಉಪ್ಪಿಗೆ ಆ ಗೆರೆ ಸುಮಾರು ಶೇ. 75. ಗಾಳಿಯ ತೇವ ಅದಕ್ಕಿಂತ ಮೇಲೆ ಹೋದರೆ ಉಪ್ಪು ನೀರು ಹೀರುತ್ತದೆ, ಕೆಳಗೆ ಇಳಿದರೆ ಒಣಗುತ್ತದೆ. ಬೇರೆ ಬೇರೆ ಲವಣಗಳಿಗೆ ಬೇರೆ ಬೇರೆ ಗೆರೆ. ಯಾವ ನಂಬರ್ ಬೇಕೋ ಅದಕ್ಕೆ ತಕ್ಕ ಲವಣ ಆರಿಸಿ, ಆವಿ ಮಾತ್ರ ದಾಟಬಲ್ಲ ಪೊರೆಯಲ್ಲಿ ಕಟ್ಟಿಟ್ಟಿದ್ದಾರೆ. ಚುರುಟಿನ ಪೆಟ್ಟಿಗೆಗೆ, ಗಿಟಾರ್ ಪೆಟ್ಟಿಗೆಗೆ ಕೂಡ ಇಂಥದ್ದೇ ಪ್ಯಾಕ್ ಬರುತ್ತದೆ. ಇಲ್ಲಿಯ ಚಳಿಗಾಲದಲ್ಲಿ ಮರದ ವಾದ್ಯಗಳು ಬಿರುಕು ಬಿಡುತ್ತವೆ ಎಂದು ನಮ್ಮ ಪರಿಚಯದವರೊಬ್ಬರು ವೀಣೆಯ ಪೆಟ್ಟಿಗೆಯಲ್ಲಿ 49ರ ಪ್ಯಾಕ್ ಇಡುತ್ತಾರೆ. ನನಗೆ ಇದರ ಪರಿಚಯವಾದದ್ದೇ ಹಾಗೆ.

ಪ್ಯಾಕ್ ಹೇಳಿದ ಮಾತು ಉಳಿಸಿಕೊಳ್ಳುತ್ತದಾ ಎಂದು ಪರೀಕ್ಷಿಸಿದೆ. ಸಣ್ಣ ಡಿಜಿಟಲ್ ಆರ್ದ್ರತಾ ಮಾಪಕ ಕೊಂಡೆ. ಆ ಮಾಪಕವನ್ನೇ ಸುಮ್ನೆ ನಂಬುವ ಹಾಗಿಲ್ಲ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದೆ ಕೆಸರಿನ ಹಾಗೆ ನಿಲ್ಲುವಷ್ಟು ಮಾತ್ರ ನೀರು ಬೆರೆಸಿ, ಅದನ್ನೂ ಮಾಪಕವನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ 75 ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಕಳೆದು ಕೂಡಿ ಓದಿಕೊಂಡರೆ ಸಾಕು. ಹೀಗೆ ತಿದ್ದಿಕೊಂಡ ಮಾಪಕದಲ್ಲಿ ನನ್ನ ಜಾಡಿ 61, 62ರ ಬಳಿಯೇ ನಿಲ್ಲುತ್ತದೆ. ಹೊರಗೆ ಹಿಮ ಬೀಳುವಾಗ, ಹೀಟರ್ ಉರಿದು ಮನೆಯ ಗಾಳಿಯ ತೇವ ಶೇ. 25ಕ್ಕೆ ಇಳಿದಾಗಲೂ ಅಲ್ಲೇ ನಿಂತಿತ್ತು. ಈ ಕೆಲಸಕ್ಕೆ ಪೂರ್ತಿ ಅಂಕ.

ತೇವ ಯಾಕೆ ಅಷ್ಟು ಮುಖ್ಯ? ಎರಡು ಕಾರಣ. ತುಂಬಾ ಒಣಗಿದ ಹೂವನ್ನು ಬೆರಳಲ್ಲಿ ಹಿಡಿದರೆ ಪುಡಿ ಪುಡಿಯಾಗುತ್ತದೆ. ಆ ಪುಡಿಯ ಜೊತೆ ಉದುರುವುದು ಹೂವಿನ ಮೇಲಿನ ಅಂಟು ಗುಬುಟುಗಳು, ಅಂದರೆ ಟ್ರೈಕೋಮ್. ಚಿನ್ನದ ಅಂಗಡಿಯವರು ಬಳಸುವ ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಕಾಂಡದ ಮೇಲೆ ಗಾಜಿನ ಗುಂಡು ಕೂರಿಸಿದ ಹಾಗೆ ಕಾಣುತ್ತವೆ. ಗಾಂಜಾದ ಕಸುವೆಲ್ಲ ಬಹುಪಾಲು ಆ ಗುಂಡಿನೊಳಗೇ ಇರುವುದು, ಒಣಗಿದ ಹೂವನ್ನು ಪೊಟ್ಟಣದಲ್ಲಿ ಕುಲುಕಿದರೆ ಅವು ಕಳಚಿ ತಳಕ್ಕೆ ಸೇರುತ್ತವೆ. ತೇವ ಜಾಸ್ತಿಯಾದರೆ ಬೂಷ್ಟು. ಅಮೆರಿಕದ ಎಎಸ್‌ಟಿಎಂ ಮಾನಕ ಸಂಸ್ಥೆ ಒಣ ಗಾಂಜಾ ಹೂವಿಗೆ ಗೊತ್ತು ಮಾಡಿರುವ ನೀರಿನ ಮಟ್ಟ 0.55ರಿಂದ 0.65. ಇದು ತೂಕದಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಅಲ್ಲ, ಬೂಷ್ಟಿಗೆ ಕುಡಿಯಲು ಎಷ್ಟು ನೀರು ಸಿಗುತ್ತದೆ ಎಂಬ ಲೆಕ್ಕ. ಜಾಡಿಯ ಆರ್ದ್ರತೆ ಶೇ. 62 ಎಂದರೆ ಇಲ್ಲಿ 0.62. ಗೆರೆಯ ಒಳಗೇ ಇದೆ. ನನ್ನಂತೆ ಕಾಯಿಲೆಗೆಂದು ಬಳಸುವವರು, ಅದರಲ್ಲೂ ಮೈಯಲ್ಲಿ ರೋಗ ತಡೆಯುವ ಶಕ್ತಿ ಕಡಿಮೆ ಇರುವವರು ಬೂಷ್ಟನ್ನು ಹಗುರವಾಗಿ ತಗೊಳ್ಳಬಾರದು. ಬಿಳಿ ನಾರು, ಒದ್ದೆ ಚೀಲದಂಥ ವಾಸನೆ, ಇವೆರಡರಲ್ಲಿ ಒಂದು ಇದ್ದರೂ ಕಸಕ್ಕೆ ಹಾಕಿ.

ಈಗ ಪ್ಯಾಕ್ ಮಾಡಲಾರದ ಕೆಲಸಗಳು. ಒಂದನೆಯದು ಪರಿಮಳ. ಗಿಡದಿಂದ ಕೊಯ್ದಾಗ ಹೂವಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೀರು. ಅದನ್ನು ಒಣಗಿಸಿ ಶೇ. 10-12ರ ಸುತ್ತ ತರುತ್ತಾರೆ. ತಂಪು ಕೋಣೆಯಲ್ಲಿ ನಿಧಾನಕ್ಕೆ, ಒಂದೆರಡು ವಾರ ಒಣಗಿಸಿದ ಹೂವಿಗೂ, ಬಿಸಿ ಗಾಳಿ ಹೊಡೆಸಿ ಬೇಗ ಒಣಗಿಸಿದ್ದಕ್ಕೂ ಮೂಗಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಮಿರ್ಸೀನ್, ಲಿಮೋನೀನ್, ಪೈನೀನ್ ಮುಂತಾದ ಹಗುರ ಟರ್ಪೀನ್‌ಗಳು, ಅಂದರೆ ಘಮ ಕೊಡುವ ವಸ್ತುಗಳು, ಬಿಸಿ ತಾಕಿದರೆ ಮೊದಲು ಹಾರಿಹೋಗುತ್ತವೆ. ಮಾವಿನ ಹಣ್ಣಿನ, ನಿಂಬೆ ಸಿಪ್ಪೆಯ, ಪೈನ್ ಮರದ ಘಮ ಅವುಗಳದ್ದೇ. ಕ್ಯಾರಿಯೋಫಿಲೀನ್‌ನಂಥ ಭಾರದವು, ಕಾಳುಮೆಣಸಿನ ಘಾಟಿನವು, ಜಾಸ್ತಿ ದಿನ ನಿಲ್ಲುತ್ತವೆ. ಬೇಗ ಒಣಗಿಸಿದ ಸರಕಿನಲ್ಲಿ ಹಸಿ ಹುಲ್ಲಿನ ವಾಸನೆಯೂ ಉಳಿದುಬಿಡುತ್ತದೆ. ಅಂಥ ಹೂವಿನ ಪಕ್ಕ ಎಷ್ಟು ಪ್ಯಾಕ್ ಇಟ್ಟರೂ ನೀರು ಮರಳಿ ಬರುತ್ತದೆ, ಮೆತ್ತಗಾಗುತ್ತದೆ, ಹಾರಿಹೋದ ಘಮ ಮಾತ್ರ ಬರುವುದಿಲ್ಲ. ಒಣಗಿದ್ದನ್ನು ಹೊಸದಾಗಿ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು ಕಸುವು. ಮುಖ್ಯ ವಿಷಯ ಇದೇ, ಸ್ವಲ್ಪ ತಾಳ್ಮೆಯಿಂದ ಓದಿ. ಗಾಂಜಾದ ಅಮಲಿಗೆ ಮುಖ್ಯ ಕಾರಣ ಟಿಎಚ್‌ಸಿ ಎಂಬ ವಸ್ತು, ಆದರೆ ಹಸಿರು ಗಿಡದಲ್ಲಿ ಅದು ಇರುವುದು ತೀರಾ ಕಡಿಮೆ. ಗಿಡ ಮಾಡಿಕೊಳ್ಳುವುದು ಅದರ ಆಮ್ಲ ರೂಪವನ್ನು, ಟಿಎಚ್‌ಸಿಎಯನ್ನು. ಇದರಿಂದ ಅಮಲು ಬರುವುದಿಲ್ಲ. ಬಿಸಿ ತಾಕಿದರೆ ಇದು ಇಂಗಾಲದ ಡೈಆಕ್ಸೈಡನ್ನು ಕಳಚಿಕೊಂಡು ಟಿಎಚ್‌ಸಿ ಆಗುತ್ತದೆ. ವೇಪೊರೈಸರ್‌ನಲ್ಲಿ ಆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ, ಜಾಡಿಯಲ್ಲಿ ತಿಂಗಳುಗಟ್ಟಲೆ ತೆವಳುತ್ತಾ ನಡೆಯುತ್ತದೆ. ಟಿಎಚ್‌ಸಿ ಆದಮೇಲೆ ಅದೂ ಸುಮ್ಮನಿರುವುದಿಲ್ಲ. ಗಾಳಿಯ ಆಮ್ಲಜನಕ, ಬೆಳಕು, ಬಿಸಿ ಸೇರಿ ಅದನ್ನು ಸಿಬಿಎನ್ (ಕ್ಯಾನಬಿನಾಲ್) ಎಂಬ ಬೇರೆಯೇ ವಸ್ತು ಮಾಡುತ್ತವೆ. ಸಿಬಿಎನ್‌ನ ಅಮಲು ಟಿಎಚ್‌ಸಿಗಿಂತ ತುಂಬಾ ಕಡಿಮೆ. ಗಾಂಜಾದ ಇನ್ನೊಂದು ಮುಖ್ಯ ವಸ್ತು, ಅಮಲು ಬರಿಸದ ಸಿಬಿಡಿ, ಈ ವಿಷಯದಲ್ಲಿ ಗಟ್ಟಿ, ಟಿಎಚ್‌ಸಿಗಿಂತ ನಿಧಾನಕ್ಕೆ ಕೆಡುತ್ತದೆ.

ಕೆನಡಾದ ಪೊಟ್ಟಣಗಳ ಮೇಲೆ ಎರಡು ಸಂಖ್ಯೆ ಇರುವುದುಂಟು. ಒಂದು ಬರೀ ಟಿಎಚ್‌ಸಿ, ಗ್ರಾಂಗೆ 8 ಮಿಲಿಗ್ರಾಂ ಅಂತ ಇರಬಹುದು. ಇನ್ನೊಂದು ಟೋಟಲ್ ಟಿಎಚ್‌ಸಿ, ಗ್ರಾಂಗೆ 200 ಮಿಲಿಗ್ರಾಂ ಅಂತ ಇರಬಹುದು. ಮೊದಲನೆಯದು ಈಗಾಗಲೇ ಆಗಿರುವ ಟಿಎಚ್‌ಸಿ. ಎರಡನೆಯದು ಟಿಎಚ್‌ಸಿಎಯನ್ನೂ 0.877ರಿಂದ ಗುಣಿಸಿ ಕೂಡಿಸಿದ್ದು. ಡೈಆಕ್ಸೈಡ್ ಕಳಚಿದಾಗ ತೂಕ ಅಷ್ಟಕ್ಕೆ ಇಳಿಯುತ್ತದೆ, ಅದಕ್ಕೇ ಆ ಗುಣಾಕಾರ. ಬಿಸಿ ಮಾಡಿ ಬಳಸುವವರಿಗೆ ಬೇಕಾದದ್ದು ಎರಡನೆಯ ಸಂಖ್ಯೆ. ಪೊಟ್ಟಣ ಕಪಾಟಿನಲ್ಲಿ ಕೂತಷ್ಟೂ ಮೊದಲನೆಯದು ಸ್ವಲ್ಪ ಏರುತ್ತದೆ, ಎರಡನೆಯದು ಇಳಿಯುತ್ತದೆ. ಲೇಬಲ್ ಮೇಲೆ ಅಚ್ಚಾದ ಸಂಖ್ಯೆ ಮಾತ್ರ ಪರೀಕ್ಷೆ ಮಾಡಿದ ದಿನದ್ದೇ ಆಗಿ ಉಳಿಯುತ್ತದೆ.

ಎಷ್ಟು ಇಳಿಯುತ್ತದೆ? ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯ 1968ರಿಂದ ಸರ್ಕಾರದ ಸಂಶೋಧನೆಗೆಂದು ಗಾಂಜಾ ಬೆಳೆಯುತ್ತಿದೆ. ಅಲ್ಲಿಯ ರಾಸ್ ಮತ್ತು ಎಲ್‌ಸೋಹ್ಲಿ ಹಳೆಯ ದಾಸ್ತಾನನ್ನು ಅಳೆದು 1990ರ ದಶಕದ ಕೊನೆಗೆ ಪ್ರಕಟಿಸಿದ ಲೆಕ್ಕ ಇವತ್ತಿಗೂ ಎಲ್ಲರೂ ಹೇಳುವಂಥದ್ದು. ಕೋಣೆಯ ಉಷ್ಣತೆಯಲ್ಲಿ, ಒಂದು ವರ್ಷಕ್ಕೆ ಟಿಎಚ್‌ಸಿಯಲ್ಲಿ ಶೇ. 16.6 ಹೋಗಿತ್ತು. ಎರಡು ವರ್ಷಕ್ಕೆ 26.8, ಮೂರಕ್ಕೆ 34.5, ನಾಲ್ಕಕ್ಕೆ 41.4. ಮೊದಲ ವರ್ಷವೇ ಜಾಸ್ತಿ ಪೆಟ್ಟು ನೋಡಿ. ನಮ್ಮ 200 ಮಿಲಿಗ್ರಾಂ ಪೊಟ್ಟಣಕ್ಕೆ ಇದನ್ನು ಹಚ್ಚಿದರೆ ವರ್ಷ ಕಳೆಯುವಷ್ಟರಲ್ಲಿ 167ರ ಹತ್ತಿರ. ಸಿಬಿಎನ್ ಎಷ್ಟಿದೆ, ಟಿಎಚ್‌ಸಿ ಎಷ್ಟಿದೆ ಎಂದು ತಾಳೆ ನೋಡಿ ಸರಕಿನ ವಯಸ್ಸನ್ನೇ ಅಂದಾಜು ಮಾಡಬಹುದು ಎಂದೂ ಅವರು ತೋರಿಸಿದರು.

ಬೆಳಕಿನ ವಿಷಯ ಅದಕ್ಕಿಂತ ಹಳೆಯದು. 1976ರಲ್ಲಿ ಲಂಡನ್ನಿನ ಫೇರ್‌ಬೇರ್ನ್ ಮತ್ತು ಜೊತೆಯವರು ಪರೀಕ್ಷೆ ಮಾಡಿ, ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವುದು ಬೆಳಕು ಎಂದರು. ಜೋಪಾನವಾಗಿ ಒಣಗಿಸಿ ಕತ್ತಲಲ್ಲಿ ಇಟ್ಟ ಸರಕು ಕೋಣೆಯ ಉಷ್ಣತೆಯಲ್ಲೂ ಒಂದೆರಡು ವರ್ಷ ಸಾಕಷ್ಟು ಚೆನ್ನಾಗಿಯೇ ಇರುತ್ತದೆ ಎಂದೂ ಹೇಳಿದರು. ಅವರ ಇನ್ನೊಂದು ಮಾತು ನನಗೆ ತುಂಬಾ ಇಷ್ಟ. ಆ ಅಂಟು ಗುಂಡುಗಳು ಒಡೆಯದೆ ಇದ್ದರೆ ಅವೇ ಒಂದೊಂದೂ ತುಂಬಿ ಮುಚ್ಚಿದ ಡಬ್ಬಿ ಇದ್ದಂತೆ, ಒಳಗಿನದಕ್ಕೆ ಗಾಳಿ ತಾಕುವುದಿಲ್ಲ. ಅಂದರೆ ಒಂದು ವಾರಕ್ಕಾಗುವಷ್ಟನ್ನು ಒಟ್ಟಿಗೇ ಗ್ರೈಂಡರ್‌ಗೆ ಹಾಕಿ ಪುಡಿ ಮಾಡಿ ಇಡುವುದು ಆ ಡಬ್ಬಿಗಳನ್ನೆಲ್ಲ ನಾವೇ ಒಡೆದ ಹಾಗೆ. ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿ.

ನಮ್ಮ ಕನ್ನಡದ ಬಳಗದಲ್ಲಿ ಒಬ್ಬಳು ಕೇಳಿದಳು, "ಅಕ್ಕಾ, ಹಳೇದಾದ್ರೆ ಸಿಬಿಎನ್ ಜಾಸ್ತಿ ಆಗಿ ನಿದ್ದೆ ಚೆನ್ನಾಗಿ ಬರುತ್ತಂತಲ್ಲ, ಹಾಗಾದ್ರೆ ಹಳೇದೇ ಒಳ್ಳೇದಲ್ವಾ?" ಈ ಮಾತು ಇಲ್ಲಿಯ ಅಂಗಡಿಗಳಲ್ಲೂ ಓಡಾಡುತ್ತದೆ. ಸಿಬಿಎನ್‌ನಿಂದ ನಿದ್ದೆ ಎಂಬುದಕ್ಕೆ ಇರುವ ಪುರಾವೆ ತೀರಾ ತೆಳು. ಅದೂ ಅಲ್ಲದೆ ಹಳೆಯ ಹೂವಿನಲ್ಲಿ ಸಿಬಿಎನ್ ಎಷ್ಟಿದೆ ಎಂದು ಲೇಬಲ್ ಹೇಳುವುದಿಲ್ಲ, ಅಳತೆ ಗೊತ್ತಿಲ್ಲದ್ದನ್ನು ಔಷಧಿ ಎಂದು ತಗೊಳ್ಳುವುದು ಹೇಗೆ? ಬೇಡಮ್ಮಾ ಎಂದೆ. ಅಂದ ಹಾಗೆ ಗಾಂಜಾದ ವಸ್ತುಗಳಲ್ಲಿ ವಿಜ್ಞಾನಿಗಳ ಕೈಗೆ ಮೊದಲು ಸಿಕ್ಕಿದ್ದೇ ಈ ಸಿಬಿಎನ್. 1890ರ ದಶಕದಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ಮೂವರು ನಮ್ಮ ಭಾರತದ ಚರಸ್ ತರಿಸಿಕೊಂಡು ಅದರಿಂದ ತೆಗೆದ ಎಣ್ಣೆಗೆ ಕ್ಯಾನಬಿನಾಲ್ ಎಂದು ಹೆಸರಿಟ್ಟರು. ಅಸಲು ಟಿಎಚ್‌ಸಿ ಶುದ್ಧವಾಗಿ ಸಿಕ್ಕಿದ್ದು 1964ರಲ್ಲಿ, ಇಸ್ರೇಲಿನಲ್ಲಿ, ಗಾಓನಿ ಮತ್ತು ಮೆಶೂಲಂ ಅವರಿಗೆ.

ಇನ್ನು ಜಾಡಿ. ನಾನು ಕೊಂಡದ್ದು ಕಂದು ಗಾಜಿನದು, ಮುಚ್ಚಳದ ಒಳಗೆ ಸಿಲಿಕೋನ್ ಬಳೆ ಇದೆ. ಕಂದು ಗಾಜು ನೇರಳಾತೀತ ಕಿರಣವನ್ನೂ ನೀಲಿ ಬೆಳಕನ್ನೂ ಬಹುಪಾಲು ತಡೆಯುತ್ತದೆ, ಔಷಧಿ ಬಾಟಲಿಗಳಿಗೆ ಅದೇ ಬಣ್ಣ ಇರುವುದು ಇದಕ್ಕೇ. ಆದರೂ ಬೀರುವಿನ ಒಳಗೇ ಇಡುತ್ತೇನೆ. ತಕರಾರು ಒಂದಿದೆ: ಆ ಬಳೆಯಿಂದ ಹೊಸದರಲ್ಲಿ ರಬ್ಬರ್ ವಾಸನೆ ಬರುತ್ತಿತ್ತು, ತೊಳೆದು ಬಿಸಿಲಿಗಿಟ್ಟ ಮೇಲೆ ಹೋಯಿತು. ಕಂಪನಿಯ ಹೆಸರು ಬೇಡ, ಯಾವ ಜಾಡಿ ಕೊಂಡರೂ ಹೂವು ಹಾಕುವ ಮೊದಲು ಮುಚ್ಚಳ ಮೂಸಿ ನೋಡಿ.

ಜಾಡಿಯಲ್ಲಿ ಜನ ಗಮನಿಸದೇ ಇರುವುದು ಗಾತ್ರ. ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ಜಾಡಿಯ ಗಾಳಿಯಲ್ಲಿ ಸುಮಾರು 200 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಏಳು ಗ್ರಾಂ ಹೂವಿನಲ್ಲಿ, ಗ್ರಾಂಗೆ 200 ಮಿಲಿಗ್ರಾಂನಂತೆ, ಇರುವ ಕಸುವು ಒಟ್ಟು 1.4 ಗ್ರಾಂ. ಅಷ್ಟನ್ನೂ ಸಿಬಿಎನ್ ಮಾಡಲು ಬೇಕಾಗುವುದರ ಎರಡರಷ್ಟು ಆಮ್ಲಜನಕ ಆ ಒಂದು ಲೀಟರಿನಲ್ಲೇ ಇದೆ! ಒಂದೇ ದಿನಕ್ಕೆ ಎಲ್ಲ ಕೆಡುತ್ತದೆ ಎಂದಲ್ಲ, ನಿಧಾನವೇ. ಆದರೆ ಬೇಕಾದಷ್ಟು ಆಮ್ಲಜನಕ ಒಳಗೇ ಇದೆ, ಕಾದು ಕೂತಿದೆ. ಅದೇ ಹೂವನ್ನು ಭರ್ತಿಯಾಗುವಂಥ ಸಣ್ಣ ಜಾಡಿಯಲ್ಲಿ ಹಾಕಿದರೆ ಗಾಳಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಉಪ್ಪಿನಕಾಯಿ ಜಾಡಿ ಗಾತ್ರದ್ದನ್ನು ಕೊಳ್ಳಬೇಡಿ. ನಾನು ಸಣ್ಣವು ಎರಡು ಇಟ್ಟುಕೊಂಡಿದ್ದೇನೆ. ಒಂದು ದಿನಬಳಕೆಗೆ, ಇನ್ನೊಂದು ಮುಟ್ಟದೆ ಇಡಲು. ಪ್ರತಿ ಸಲ ಮುಚ್ಚಳ ತೆಗೆದಾಗ ಹೊಸ ಗಾಳಿ ಒಳಗೆ, ಒಳಗಿನ ಘಮ ಹೊರಗೆ. ಸುಮ್ನೆ ಮೂಸಲು ತೆಗೆಯುವ ಅಭ್ಯಾಸ ಇದ್ದರೆ ಬಿಡಿ.

ಫ್ರಿಜ್‌ನಲ್ಲಿ ಇಡಬಹುದಾ ಎಂದು ಕೇಳುತ್ತಾರೆ. ತಂಪು ಒಳ್ಳೆಯದೇ, ಆದರೆ ಹೊರಗೆ ತೆಗೆದಾಗ ತಣ್ಣನೆಯ ಗಾಜಿನೊಳಗೆ ಬೆಚ್ಚಗಿನ ಗಾಳಿ ಹೋಗಿ ನೀರು ಕಟ್ಟುತ್ತದೆ. ದಿನಾ ತೆಗೆಯುವ ಜಾಡಿಗೆ ಬೇಡ. ಫ್ರೀಜರ್ ಕಸುವನ್ನು ತುಂಬಾ ಚೆನ್ನಾಗಿ ಕಾಯುತ್ತದೆ, ಪ್ರಯೋಗಾಲಯಗಳು ಇಡುವುದೂ ಹಾಗೇ. ಅಲ್ಲಿ ಅಂಟು ಗುಂಡುಗಳು ಗಾಜಿನಷ್ಟು ಪೆಡಸಾಗಿರುತ್ತವೆ, ಅಲುಗಾಡಿಸಿದರೆ ಉದುರುತ್ತವೆ. ಇಡಲೇಬೇಕಾದರೆ ಗಟ್ಟಿಯಾಗಿ ಮುಚ್ಚಿ ಇಟ್ಟು, ತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವ ತನಕ ಮುಚ್ಚಳ ಮುಟ್ಟಬೇಡಿ. ನಮ್ಮ ಮನೆಯಲ್ಲಿ ನೆಲಮಾಳಿಗೆಯ ಬೀರು ಸಾಕು, ವರ್ಷವಿಡೀ ತಂಪಾಗಿರುತ್ತದೆ.

ಈಗ ಸಿಟ್ಟು ಬಂದ ವಿಷಯ. ಊರಿನ ಒಂದು ಅಂಗಡಿ, ಹೆಸರು ಹೇಳುವುದಿಲ್ಲ, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಒಂದು ಪೊಟ್ಟಣವನ್ನು ಮುಂದೆ ಇಟ್ಟರು. ತಿರುಗಿಸಿ ನೋಡಿದರೆ ಪ್ಯಾಕ್ ಮಾಡಿದ ತಾರೀಖಿಗೆ ವರ್ಷ ದಾಟಿತ್ತು. ಕೇಳಿದ್ದಕ್ಕೆ, ಒಳಗೆ ತೇವದ ಪ್ಯಾಕ್ ಇದೆ ಮೇಡಂ, ಹೊಸದರ ಹಾಗೇ ಇರುತ್ತದೆ ಎಂದರು. ಇರುವುದಿಲ್ಲ. ಮೆತ್ತಗಿರಬಹುದು, ಅಷ್ಟೇ. ಹಳೆಯದು, ಕಸುವು ಇಳಿದಿರುತ್ತದೆ, ಅದಕ್ಕೇ ಬೆಲೆ ಕಡಿಮೆ ಎಂದು ನೇರವಾಗಿ ಹೇಳಿದ್ದರೆ ಕೊಳ್ಳುವವರು ಕೊಳ್ಳುತ್ತಿದ್ದರು. ನೋವಿಗೆಂದು ಅಳತೆ ಹಾಕಿ ತಗೊಳ್ಳುವವರ ಹತ್ತಿರ ಹೀಗೆ ಮಾತಾಡುವುದು ತಪ್ಪು. ಇಲ್ಲಿಯ ನಿಯಮದ ಪ್ರಕಾರ ಪ್ಯಾಕ್ ಮಾಡಿದ ತಾರೀಖು ಲೇಬಲ್ ಮೇಲೆ ಇರಲೇಬೇಕು. ಬಾಳಿಕೆಯ ತಾರೀಖು ಬಹಳ ಪೊಟ್ಟಣಗಳಲ್ಲಿ ಇರುವುದಿಲ್ಲ, ಅದನ್ನು ಗೊತ್ತು ಮಾಡಿಲ್ಲ ಎಂಬ ಒಂದು ಸಾಲು ಇರುತ್ತದೆ. ಹಾಗಾಗಿ ನಮಗೆ ಹಿಡಿದುಕೊಳ್ಳಲು ಇರುವ ಕೊಂಬೆ ಆ ಒಂದು ತಾರೀಖೇ. ನಾನು ಮೂರು ತಿಂಗಳಿಗಿಂತ ಹಳೆಯದನ್ನು ಕೊಳ್ಳುವುದಿಲ್ಲ. ಕೇಳಿದರೆ ಒಳ್ಳೆಯ ಅಂಗಡಿಯವರು ಒಳಗೆ ಹೋಗಿ ಹೊಸ ಪೊಟ್ಟಣ ಹುಡುಕಿ ತರುತ್ತಾರೆ, ಮುಖ ಗಂಟಿಕ್ಕುವುದಿಲ್ಲ.

ಬಳಸುವ ಬಗ್ಗೆ ಸಣ್ಣ ಸಣ್ಣ ಮಾತು ಉಳಿದಿವೆ. ಎಂಟು ಗ್ರಾಂ ಪ್ಯಾಕ್ 28 ಗ್ರಾಂ ಹೂವಿಗೆ ಸಾಕು ಎಂದು ಕಂಪನಿಯೇ ಹೇಳುತ್ತದೆ, ನಮ್ಮ ಏಳು ಗ್ರಾಂಗೆ ನಾಲ್ಕು ಗ್ರಾಂನದೇ ಧಾರಾಳ. ದೊಡ್ಡದು ಹಾಕಿದರೆ ತೇವ ಜಾಸ್ತಿಯಾಗುವುದಿಲ್ಲ, ಬಾಳಿಕೆ ಮಾತ್ರ ಜಾಸ್ತಿ. 58 ಮತ್ತು 62 ಎರಡನ್ನೂ ಒಂದೇ ಜಾಡಿಯಲ್ಲಿ ಹಾಕಬೇಡಿ, ಒಂದು ಬಿಟ್ಟ ನೀರನ್ನು ಇನ್ನೊಂದು ಹೀರುತ್ತಾ ಕೂರುತ್ತವೆ. ಗಂಜಿಯಂತೆ ಸರಿಯುತ್ತಿದ್ದ ಒಳಗಿನದು ಹಪ್ಪಳದ ಹಾಗೆ ಗಟ್ಟಿಯಾದರೆ ಅದರ ಕೆಲಸ ಮುಗಿಯಿತು, ಬದಲಾಯಿಸಿ. ಮೂಲ ಪೊಟ್ಟಣವನ್ನು ಎಸೆಯಬೇಡಿ, ಲೇಬಲ್ ಬೇಕಾಗುತ್ತದೆ. ಆ ಪೊಟ್ಟಣವನ್ನು ಮಕ್ಕಳು ಸುಲಭಕ್ಕೆ ಬಿಚ್ಚಲಾರರು, ಗಾಜಿನ ಜಾಡಿಯನ್ನು ಬಿಚ್ಚುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಇರುವ ಜಾಗದಲ್ಲೇ ಇಡಿ.

ಊರಿಗೆ ಹೊರಟಾಗ ಒಂದು ಚಿಟಿಕೆಯನ್ನೂ ಸಾಮಾನಿನಲ್ಲಿ ಬಿಡಬೇಡಿ. ಡಾಕ್ಟರ್ ಚೀಟಿ ಇದ್ದರೂ ಕೆನಡಾದ ಗಡಿ ದಾಟಿಸುವುದು ಅಪರಾಧ, ಭಾರತದಲ್ಲಿ ಗಾಂಜಾ ಹೂವು ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತದೆ. ಗ್ರೈಂಡರ್, ಖಾಲಿ ಜಾಡಿ ಕೂಡ ಮನೆಯಲ್ಲೇ ಇರಲಿ.

ಯಾರಿಗೆ ಬೇಕು ಈ ಪ್ಯಾಕ್? ಒಂದು ಪೊಟ್ಟಣವನ್ನು ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವವರಿಗೆ, ಒಣ ಚಳಿಗಾಲ ಇರುವ ಕಡೆ ಇರುವವರಿಗೆ ಖಂಡಿತ ಬೇಕು. ಮೂರೂವರೆ ಗ್ರಾಂ ತಂದು ಎರಡು ವಾರದಲ್ಲಿ ಮುಗಿಸುವವರು ಆ ದುಡ್ಡನ್ನು ಉಳಿಸಿ, ತಾರೀಖು ಹೊಸದಿರುವ ಪೊಟ್ಟಣಕ್ಕೆ ಒಂದೆರಡು ಡಾಲರ್ ಜಾಸ್ತಿ ಕೊಡುವುದೇ ಮೇಲು.